ಕೂಲಿ ಬೇಡವೆಂದವನು

ಕೂಲಿ ಬೇಡ ಎಂದಾಗಲೇ ಮೆಕ್ಯಾನಿಕ್ ರವಿಕುಮಾರ ಕಳ್ಳನೆಂದು ದೇವೀರಪ್ಪನವರಿಗೆ ಖಾತ್ರಿಯಾಯಿತು.

"ಕಾರಿನ ಹೆಡ್ಡು ಹೊಸಾದೇ ಹಾಕ್ಬಿಡಾಣ ಯಜಮಾನ್ರೇ. ಹಳೇದು ಬ್ಯಾಡ. ನನ್ನ ಕೂಲಿ ಏನೂ ಕೊಡಬ್ಯಾಡಿ," ಎಂದಿದ್ದ ಫೋನಿನಲ್ಲಿ. ಯಾಕೋ ಎಂದು ಗದರಿದರೆ, "ದೊಡ್ಡೋರು ನೀವು. ಅದನ್ನ ಮಾತ್ರ ಕೇಳಬ್ಯಾಡಿ," ಎಂದ.

ದೇವೀರಪ್ಪನವರು ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ನಲವತ್ತು ವರ್ಷ ಕೂತವರು. ಕೂಲಿ ಬೇಡ ಎನ್ನುವ ಮನುಷ್ಯನನ್ನು ಅವರು ಈವರೆಗೆ ಕಂಡಿರಲಿಲ್ಲ. ತಮಗೆ ಮೋಸ ಮಾಡುವವನು ಇನ್ನೂ ಹುಟ್ಟಿಲ್ಲ ಎಂದು ದಿನಕ್ಕೆರಡು ಸಲವಾದರೂ ಹೇಳುತ್ತಿದ್ದರು. ಮೂರನೆಯ ಸಲ ಶುರುವಾದರೆ ಹೆಂಡತಿ ಕಾಂತಮ್ಮ ಎದ್ದು ಒಳಗೆ ಹೋಗುತ್ತಿದ್ದರು.

ಆಗಿದ್ದು ಇಷ್ಟು. ಕಣಕಟ್ಟೆಯಿಂದ ಬರುವಾಗ ಅವರ ಹಳೆಯ ಬಿಳಿ ಕಾರು ಕಾದು, ಹೊಗೆಯಾಡಿ, ನಡುರಸ್ತೆಯಲ್ಲಿ ನಿಂತುಬಿಟ್ಟಿತ್ತು. ರೇಡಿಯೇಟರಿಗೆ ನೀರು ಹಾಕದೆ ಹೊರಟಿದ್ದನ್ನು ದೇವೀರಪ್ಪನವರು ಯಾರಿಗೂ ಹೇಳಲಿಲ್ಲ. ಕಾರಿಗೇ ಬುದ್ಧಿಯಿಲ್ಲ ಎಂದರು. ರವಿಕುಮಾರ ಬಿಚ್ಚಿ ನೋಡಿದ. ಎಂಜಿನ್ನಿನ ಮೇಲೆ ಮುಚ್ಚಳದ ಹಾಗೆ ಕೂರುವ ಸಿಲಿಂಡರ್ ಹೆಡ್ಡು ಬಿಸಿಗೆ ಸ್ವಲ್ಪ ಬಾಗಿತ್ತು. ಕೂದಲೆಳೆಯಷ್ಟು ಸಂದಿಯಿದ್ದರೂ ನೀರು ಎಣ್ಣೆಗೆ ಇಳಿಯುತ್ತದೆ, ಲೇತಿನವನ ಹತ್ತಿರ ಹೆರೆಸಿ ಮಟ್ಟ ಮಾಡಿಸೋಣ, ಹೊಸದು ಬೇಡ, ಇದೇ ಇನ್ನೂ ಹತ್ತು ವರ್ಷ ಬರುತ್ತದೆ ಎಂದ. ಹೆರೆಯುವುದು ಇದೊಂದೇ ಸಲ, ಆಮೇಲೆ ಹೆರೆಯಲು ದಪ್ಪ ಉಳಿಯುವುದಿಲ್ಲ ಎಂದೂ ಹೇಳಿದ.

ಬೇರೆಯವರಾಗಿದ್ದರೆ ಖುಷಿಪಡುತ್ತಿದ್ದರು. ದೇವೀರಪ್ಪನವರಿಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಹೊಸದು ಹಾಕಿಸಿ ಎನ್ನದ ಮೆಕ್ಯಾನಿಕ್ ಎಲ್ಲಾದರೂ ಇರುತ್ತಾನೆಯೇ? ಹಾಗಾದರೆ ಇವನ ಕಣ್ಣು ಹಳೆಯದರ ಮೇಲೇ ಬಿದ್ದಿದೆ. ಅಸಲಿ ಹೆಡ್ಡನ್ನು ಬೇರೆ ಯಾರಿಗೋ ದಾಟಿಸಿ, ಯಾವುದೋ ಗುಜರಿ ಮಾಲನ್ನು ನನ್ನ ಕಾರಿಗೆ ಕೂರಿಸುತ್ತಾನೆ. ಬಡ್ಡೀಮಗ, ಮುಖ ನೋಡಿದರೆ ಹಸುವಿನ ಹಾಗಿದ್ದಾನೆ.

ಮಂಡಿಯಲ್ಲಿ ಇಂಥದ್ದಕ್ಕೆಲ್ಲ ಮದ್ದಿದೆ. ಮಾಲು ಅದಲುಬದಲಾಗದಂತೆ ಒಬ್ಬೊಬ್ಬ ವ್ಯಾಪಾರಿಯೂ ತನ್ನ ಚೀಲಕ್ಕೆ ತನ್ನದೇ ಗುರುತು ಹಾಕುತ್ತಾನೆ. ದೇವೀರಪ್ಪನವರದು ಮೂರು ಅಡ್ಡಗೆರೆ, ನಡುವೆ ಒಂದು ಚುಕ್ಕೆ. ಓದು ಬಾರದ ಹಮಾಲಿಗಳೂ ಅದನ್ನು ದೂರದಿಂದಲೇ ಗುರುತಿಸುತ್ತಿದ್ದರು.

ಹೆಡ್ಡು ಲೇತಿನಿಂದ ಬಂದ ದಿನ, ರವಿಕುಮಾರ ಊಟಕ್ಕೆ ಹೋದ ಹೊತ್ತು ನೋಡಿ ಅವನ ರಿಪೇರಿ ಷೆಡ್ಡಿಗೆ ಹೋದರು. ಚೀಲ ಹೊಲಿಯುವ ದಬ್ಬಳ ಯಾವಾಗಲೂ ಅವರ ಜೇಬಿನಲ್ಲಿರುತ್ತಿತ್ತು. ಒಮ್ಮೆ ಕೂರಿಸಿದ ಮೇಲೆ ಯಾರ ಕಣ್ಣಿಗೂ ಬೀಳದಂಥ ಜಾಗ ಹುಡುಕಿದರು. ಐದು ನಿಮಿಷದ ಕೆಲಸ. ಮನೆಗೆ ಬಂದು ದೊಡ್ಡ ಲೋಟದ ತುಂಬ ಮಜ್ಜಿಗೆ ಕುಡಿದರು.

ಮರುದಿನ ಬೆಳಿಗ್ಗೆಯೇ ಆ ಫೋನು ಬಂದದ್ದು.

ಮೊನ್ನೆ ಹತ್ತು ವರ್ಷ ಬರುತ್ತದೆ ಎಂದ ಹೆಡ್ಡು ಇವತ್ತು ಬೇಡವಾಯಿತೆಂದರೆ ಮಾಲು ಬದಲಾಗಿದೆ, ಇನ್ನೇನು. ಷೆಡ್ಡು ಇದ್ದದ್ದು ದೇವೀರಪ್ಪನವರ ಜಾಗದಲ್ಲಿ. ರವಿಕುಮಾರನ ಸಂಸಾರ ಅವನ ಅಪ್ಪನ ಕಾಲದಿಂದ ಅದರ ಮೇಲೇ ನಡೆದಿತ್ತು. ಸಂಜೆಯೊಳಗೆ ಬೀಗ ಜಡಿಯುತ್ತೇನೆ, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗಾದರೂ ಹೋಗಲಿ ಎಂದು ಅವರು ದಾರಿಯುದ್ದಕ್ಕೂ ಸಾರಿದರು. ಸಾಕ್ಷಿಗೆ ನಿವೃತ್ತ ಮೇಷ್ಟ್ರು ಸುಂದರರಾಜರನ್ನು ಎಬ್ಬಿಸಿಕೊಂಡು ಬಂದರು. ಪರೀಕ್ಷೆಗೆಂದು ಜಾವಗಲ್ಲಿನ ಹಳೆಯ ಮೆಕ್ಯಾನಿಕ್ ಹುಚ್ಚಣ್ಣನನ್ನು ಕರೆಸಿದರು. ಯಾರ ಮುಲಾಜಿಗೂ ಬೀಳದ ಬಾಯಿ ಆತನದು.

ಷೆಡ್ಡಿನ ಮುಂದೆ ಹತ್ತಾರು ಜನ ಸೇರಿದರು. ಹೆಡ್ಡು ಬೆಂಚಿನ ಮೇಲೆ ಅಂಗಾತ ಬಿದ್ದಿತ್ತು. ಮೈತುಂಬ ಗ್ರೀಸು ಬಳಿದು ಮೇಲೊಂದು ಬಟ್ಟೆ ಹೊದಿಸಿತ್ತು. ಕದ್ದ ಮಾಲನ್ನು ಇಡುವ ರೀತಿಯೇ ಇದು ಎಂದುಕೊಂಡರು ದೇವೀರಪ್ಪನವರು.

ರವಿಕುಮಾರ ಅವರ ಹತ್ತಿರ ಬಂದು ದನಿ ತಗ್ಗಿಸಿದ. "ಇಷ್ಟು ಜನ ಯಾಕೆ ಯಜಮಾನ್ರೇ? ಒಳಗೆ ಬನ್ನಿ, ನಿಮಗೊಬ್ರಿಗೇ ಹೇಳ್ತೀನಿ."

"ಹೇಳೋದನ್ನ ಎಲ್ರ ಮುಂದೇನೇ ಹೇಳೋ." ಅವರು ಮೇಷ್ಟ್ರ ಕಡೆ ತಿರುಗಿದರು. "ನನ್ನ ಹೆಡ್ಡಿಗೆ ನಾನೇ ಕೈಯಾರೆ ಗುರುತು ಹಾಕಿದೀನಿ ಮೇಷ್ಟ್ರೇ. ಇದರಲ್ಲಿ ಅದು ಇಲ್ಲ ಅಂದ್ರೆ ಇವನು ಕಳ್ಳ. ಬೇರೆ ಸಾಕ್ಷಿ ಬೇಕಿಲ್ಲ."

ರವಿಕುಮಾರ ತಲೆ ತಗ್ಗಿಸಿದ. ತಪ್ಪು ಮಾಡಿದವರು ತಗ್ಗಿಸುವುದು ಹಾಗೆಯೇ ಎಂದು ದೇವೀರಪ್ಪನವರು ಜನಕ್ಕೆ ವಿವರಿಸಿದರು.

ಹುಚ್ಚಣ್ಣ ಬಟ್ಟೆ ಸರಿಸಿದ. ಗ್ರೀಸಿನೊಳಗೆ ಬೆರಳು ಆಡಿಸಿ, ಉಗುರಿನಿಂದ ಎಳೆದು ನೋಡಿದ.

"ಲೋಹ ಚೆನ್ನಾಗೈತೆ. ಹೆರೆದಿರೋದೂ ಪಸಂದಾಗೈತೆ. ಆಮೇಲೆ ಯಾರೋ ಇದನ್ನ ಹಾಳು ಮಾಡವ್ರೆ. ಇನ್ನು ಗುಜರಿಗೇ ಹಾಕ್ಬೇಕು. ಹಾಳು ಮಾಡಿದೋನು ಶುದ್ಧ ಕತ್ತೆ ಕಣ್ರೀ."

ದೇವೀರಪ್ಪನವರ ಎದೆ ಉಬ್ಬಿತು. ಕತ್ತೆ ಎಂಬ ಮಾತನ್ನು ಎಲ್ಲರೂ ನೆನಪಿಟ್ಟುಕೊಳ್ಳಿ ಎಂದರು. ಅಂಥ ಕತ್ತೆಯನ್ನು ಅರಸೀಕೆರೆಯಲ್ಲಿ ಯಾರೂ ನಂಬಬಾರದು ಎಂದರು. ಈಗ ಗುರುತು ಹುಡುಕೋಣ ಎಂದು ಬೆಂಚಿನ ಕಡೆ ನಡೆದರು.

ರವಿಕುಮಾರ ಎರಡೂ ಅಂಗೈಯನ್ನು ಹೆಡ್ಡಿನ ಮೇಲೆ ಊರಿ ನಿಂತುಬಿಟ್ಟ. "ಒರೆಸಬ್ಯಾಡಿ ಯಜಮಾನ್ರೇ. ಕೈ ಮುಗೀತೀನಿ. ಬೇಕಾದ್ರೆ ನಾನೇ ಷೆಡ್ಡು ಬಿಟ್ಟು ಹೋಯ್ತೀನಿ."

ದೇವೀರಪ್ಪನವರು ಅವನ ಕೈಗಳನ್ನು ತಳ್ಳಿದರು. ಹೆಗಲ ಮೇಲಿನ ಟವೆಲ್ ತೆಗೆದು, ಎಲ್ಲರಿಗೂ ಕಾಣಲೆಂದು ಪಕ್ಕಕ್ಕೆ ಸರಿದು ನಿಂತು, ಗ್ರೀಸನ್ನು ತಾವೇ ಚೊಕ್ಕವಾಗಿ ಒರೆಸಿದರು.

ಎಂಜಿನ್ನಿಗೆ ಅಂಟಿ ಕೂರಬೇಕಿದ್ದ ಆ ನುಣುಪು ಮೈಯ ನಟ್ಟನಡುವೆ, ಓದು ಬಾರದವರಿಗೂ ತಿಳಿಯುವಂತೆ, ದಬ್ಬಳದಲ್ಲಿ ಆಳವಾಗಿ ಕೆತ್ತಿದ್ದ ಮೂರು ಅಡ್ಡಗೆರೆಗಳಿದ್ದವು, ನಡುವೆ ಒಂದು ಚುಕ್ಕೆ.