ನಗುವ ಫೋಟೋ

ಆ ಹಾಸ್ಯ ಧಾರಾವಾಹಿಗೆ ಆರನೆಯ ವರ್ಷ. ನಾಯಕನ ಪಾತ್ರದವನು ನಾಲ್ಕು ಪಟ್ಟು ಸಂಭಾವನೆ ಕೇಳಲು ಹೊರಟಾಗ, ಅವನ ತಾಯಿಯ ಪಾತ್ರ ಮಾಡುವ ಹಿರಿಯ ನಟಿ ಕೈ ಹಿಡಿದು ಹೇಳಿದರು: "ಗಟ್ಟಿಯಾಗಿ ಕೇಳೋ. ನಿನಗೆ ಜಾಸ್ತಿ ಆದ್ರೆ ನಮಗೂ ಒಂದಿಷ್ಟು ಆಗುತ್ತೆ. ನನಗಂತೂ ಇದೊಂದೇ ಕೆಲಸ."

ಅವನು ಕೇಳಿದ ಮೊತ್ತಕ್ಕೆ ನಿರ್ಮಾಪಕರು ಲೆಕ್ಕದ ಪುಸ್ತಕ ತೆರೆದು ಅವನ ಮುಂದಿಟ್ಟರು.

"ಅಷ್ಟು ಕೊಡೋಕೆ ಬಜೆಟ್ ಎಲ್ಲಿದೆಯಪ್ಪ?"

"ಹಾಗಾದ್ರೆ ನನ್ನ ಫೋಟೋಗೂ ಹಾರ ಹಾಕಿ ಗೋಡೆಗೆ ನೇತುಹಾಕಿಬಿಡಿ ಸಾರ್. ನಮ್ಮ ಸೀರಿಯಲ್ಲಲ್ಲಿ ಬಿಟ್ಟುಹೋದವರನ್ನೆಲ್ಲ ಹಾಗೇ ತಾನೆ ಸಾಯಿಸಿದ್ದು? ನನಗೂ ಸಾಕಾಗಿದೆ."

"ನಿನ್ನನ್ನ ಸಾಯಿಸಿದ್ರೆ ಸೀರಿಯಲ್ಲೇ ಸಾಯುತ್ತೆ." ನಿರ್ಮಾಪಕರು ಕಣ್ಣುಜ್ಜಿಕೊಂಡರು. "ಕೇಳಿದಷ್ಟು ಕೊಡ್ತೀನಿ, ಹೋಗು. ಹೇಗೋ ಹೊಂದಿಸ್ತೀನಿ."

ಮರುದಿನ ಅವನು ಸೆಟ್ಟಿಗೆ ಬಂದಾಗ ಯಾರೋ ನಡುಮನೆಯ ಗೋಡೆಗೆ ಮೊಳೆ ಹೊಡೆಯುತ್ತಿದ್ದರು. ಹಿರಿಯ ನಟಿ ರೇಷ್ಮೆ ಸೀರೆಯುಟ್ಟು ಎದುರಿಗೆ ಬಂದರು.

"ನೀನು ಕೇಳಿದ್ದು ಒಳ್ಳೇದಾಯ್ತು ಕಣೋ. ಆರು ವರ್ಷದಲ್ಲಿ ಇದೇ ಮೊದಲು, ಪೋಸ್ಟರಿಗೆ ಅಂತ ನನ್ನೊಬ್ಬಳದೇ ಫೋಟೋ ತೆಗೆದರು. ಸ್ವಲ್ಪ ನಗಿ ಅಮ್ಮ, ಅಂದರು."