ಹತ್ತಿ ರಾಶಿಯ ಪಕ್ಕದ ಕಾರು

ಗಜೇಂದ್ರಗಡದ ಹತ್ತಿ ಮಿಲ್ಲು ಸುಟ್ಟಿದ್ದು ಹಮಾಲ ಮಾಬುಸಾಬನ ಬೀಡಿಯಿಂದ ಎಂದು ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಹತ್ತಿಕಾಳಿನ ವಾಸನೆ ಬಂದರೆ ಇಂದಿಗೂ ಆ ಮಧ್ಯಾಹ್ನ ನೆನಪಾಗುತ್ತದೆ.

ನನಗಾಗ ಹತ್ತು ವರ್ಷ; ಮಿಲ್ಲು ಸುಟ್ಟು ಎಷ್ಟೋ ವರ್ಷಗಳಾಗಿದ್ದವು. ಮಿಲ್ಲಿನ ಸಾಹುಕಾರರ ಮೊಮ್ಮಗ, ಬೆಂಕಿ ಬೀಳುವುದಕ್ಕೆ ವಾರದ ಮುಂಚೆ ವಿಮಾನದಿಂದ ತೆಗೆದಿದ್ದ ಫೋಟೊವೊಂದನ್ನು ನಮ್ಮ ಮನೆಗೆ ತಂದಿದ್ದರು. ಬೆಂಕಿ ಬಿದ್ದ ಕಾಲಕ್ಕೆ ಮಿಲ್ಲಿನ ಗೇಟು ಕಾಯುತ್ತಿದ್ದ ನನ್ನಜ್ಜ ಅದರ ಒರಟು ಅಂಚು ಸವರುತ್ತ, "ಹತ್ತಿ ಒಣಗಾಕ ಹಾಕಿದಾಗ ಯಾವ ಮೋಟಾರನೂ ಒಳಗ ಬಿಡ್ತಿದ್ದಿಲ್ಲ ನಾ. ಕಿಡಿ ಹಾರಿದ್ರ ಮುಗೀತು," ಎಂದ.

ಫೋಟೊದಲ್ಲಿ ಹತ್ತಿ ರಾಶಿಗೆ ಒತ್ತಿಕೊಂಡೇ ಕರಿಯ ಕಾರೊಂದು ನಿಂತಿತ್ತು. ಆ ಕಾಲಕ್ಕೆ ಊರಲ್ಲಿ ಕಾರಿದ್ದದ್ದು ಸಾಹುಕಾರರೊಬ್ಬರಿಗೇ ಎಂದು ಅಜ್ಜನೇ ಹೇಳುತ್ತಿದ್ದ.

"ಇದು ಸಾಹುಕಾರ್ರ ಕಾರಲ್ಲೇನ್ರಿ?" ಎಂದೆ.

ಮೊಮ್ಮಗ ಫೋಟೊವನ್ನು ಲಕೋಟೆಗೆ ಹಾಕತೊಡಗಿದರು. "ವಾದಾ ಸಾಕು, ಚಹಾ ತೊಗೊಂಡ ಬಾ," ಅಂದಳು ಅಜ್ಜಿ.

"ಅಜ್ಜಾ, ಮಾಬುಸಾಬನ ಹೆಸರು ಮೊದಲ ಹೇಳಿದವ್ರು ಯಾರು?" ಎಂದು ಕೇಳಿದೆ ನಾನು.