ಮೊಟ್ಟೆಯ ಪಾಠ

ಟ್ಯೂಶನ್ ಕಟ್ಟಡದ ಮೆಟ್ಟಿಲುಗಳ ತುಂಬ ಬೆಂಕಿ. ಮೂರನೇ ಮಹಡಿಯ ಕಿಟಕಿಯಲ್ಲಿ ಉಳಿದಿದ್ದವಳು ಇಂಚರಾ ಒಬ್ಬಳೇ. ಅಗ್ನಿಶಾಮಕದವರು ಇನ್ನೂ ಬಂದಿರಲಿಲ್ಲ. ಅವಳ ಭೌತಶಾಸ್ತ್ರದ ಮೇಷ್ಟ್ರು ಬೀದಿಯ ಅಂಗಡಿಯವರನ್ನೆಲ್ಲ ಕೂಗಿ ಕರೆದು, ದೊಡ್ಡದೊಂದು ಜಮಖಾನವನ್ನು ಸುತ್ತಲೂ ಹಿಡಿಸಿಕೊಂಡು ಕಿಟಕಿಯ ಕೆಳಗೆ ನಿಂತಿದ್ದರು.

“ಹಾರಮ್ಮ!”

“ಭಯ ಆಗ್ತಿದೆ ಸರ್!”

“ಕ್ಲಾಸಲ್ಲಿ ಮಾಡಿದ್ದು ನೆನಪಿದೆಯಾ? ನೆಲಕ್ಕೆ ಬಿಟ್ಟ ಮೊಟ್ಟೆ ಏನಾಯ್ತು?”

“ಒಡೀತು.”

“ಬೆಡ್‌ಶೀಟಿಗೆ ಎಸೆದಿದ್ದು?”

“ಒಡೀಲಿಲ್ಲ. ನಿಲ್ಲೋಕೆ ಜಾಸ್ತಿ ಹೊತ್ತು ಸಿಕ್ತು, ಅದಕ್ಕೇ ಪೆಟ್ಟು ಕಮ್ಮಿ ಆಯ್ತು.”

“ಅಷ್ಟೇ ಕಣೇ! ಜಮಖಾನ ಜಗ್ಗುತ್ತೆ, ನಿಂಗೂ ಆ ಹೊತ್ತು ಸಿಗುತ್ತೆ. ನಂಬು ನನ್ನ.”

ಆಮೇಲೆ ಸುತ್ತ ನಿಂತವರ ಕಡೆ ತಿರುಗಿದರು. “ಬಿಗಿಯಾಗಿ ಎಳೀಬೇಡ್ರಪ್ಪ, ಸ್ವಲ್ಪ ಸಡಿಲ ಇರ್ಲಿ.”

ಇಂಚರಾ ಕಿಟಕಿಯ ಅಂಚಿನ ಮೇಲೆ ಹತ್ತಿ ನಿಂತಳು. ಅದನ್ನು ನೋಡಿ ಮೇಷ್ಟ್ರು ಸುತ್ತ ನಿಂತವರಿಗೆ ಕೂಗಿ ಹೇಳಿದರು.

“ಎಲ್ರೂ ಒಂದ್ಸಲ ದೇವ್ರನ್ನ ನೆನೆಸ್ಕೊಳ್ಳಿ!”

ಅವಳು ಕಣ್ಣು ಮುಚ್ಚಿ ಹಾರಿದಳು.

“ಕಾಪಾಡು ತಾಯೀ” ಎಂದು ಜಮಖಾನ ಹಿಡಿದಿದ್ದವರೆಲ್ಲ ಒಟ್ಟಿಗೆ ಕೈಮುಗಿದರು.